ಕಾಲು ಜೋಮು ಹಿಡಿದರೆ ನೀರಿನ ಬಗ್ಗೆಯೂ ಕೇಳಿ
ಕಾಲು ಜೋಮು, ನಡಿಗೆ ತಡವರಿಕೆ ಅಂದ್ರೆ ನಮ್ಮ ಹೊಸದುರ್ಗ ಸೀಮೆಯಲ್ಲಿ ‘ನರದ ವೀಕ್ನೆಸ್’ ಅಂದು ಮುಗಿಸಿಬಿಡ್ತೀವಿ. ಸಕ್ಕರೆ ಕಾಯಿಲೆ, ಬಿ12 ಕೊರತೆ ಕಾರಣ ಇರಬಹುದು. ಆದರೆ ಮತ್ತೋಡಿನಂಥ ಊರಲ್ಲಿ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಎಷ್ಟು ವರ್ಷದಿಂದ ಯಾವ ಬೋರ್‌ವೆಲ್ ನೀರು ಕುಡೀತಿದ್ದೀರಿ?

ಲೀಟರ್ ನೀರಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರ್‌ವೆಲ್‌ಗಳು ಈ ಮಿತಿ ದಾಟಿವೆ. ಅಂಥ ನೀರನ್ನು ದಶಕಗಟ್ಟಲೆ ಕುಡಿದರೆ ಬೆನ್ನುಮೂಳೆ ದಪ್ಪಗಾಗಿ ಬೆನ್ನುಹುರಿಯನ್ನೇ ಅದುಮಬಹುದು. ಎಕ್ಸ್‌ರೇ, ಮೂತ್ರದ ಫ್ಲೋರೈಡ್ ಪರೀಕ್ಷೆ ಸುಳಿವು ಕೊಡುತ್ತವೆ.

ಕೇಂದ್ರದ ಫ್ಲೋರೋಸಿಸ್ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು 2008-09ರಲ್ಲಿ. ನೀರಿನ ವರದಿ ಒಂದು ಇಲಾಖೆಯಲ್ಲಿ, ರೋಗಿಯ ಚೀಟಿ ಇನ್ನೊಂದರಲ್ಲಿ ಇದ್ದರೆ ಕಾಯಿಲೆಗೆ ಹೆಸರು ಸಿಗೋದು ಹೇಗೆ? ನಿಮ್ಹಾನ್ಸ್‌ಗೆ ಬಸ್ ಹತ್ತುವ ಮೊದಲೇ ಇವೆರಡೂ ವೈದ್ಯರ ಮೇಜಿಗೆ ಬರಬೇಕು. ಮುಂದಿನ ಗ್ರಾಮಸಭೆಯಲ್ಲಿ ಇದನ್ನೇ ಕೇಳೋಣ.