ಗಣಕ ಸಾಕ್ಷರತೆ: ಬೆಳೆಗಾರರಿಗೂ ಬೇಕು, ನೌಕರರಿಗೂ ಬೇಕು

ಈಚೆಗೆ ನಮ್ಮ ಸಂಘದ ಕಚೇರಿಗೆ ಸದಸ್ಯರೊಬ್ಬರು ಬಂದಿದ್ದರು. ಎರಡೂವರೆ ಎಕರೆ ಅಡಿಕೆ ತೋಟ, ಮರಗಳಿಗೆ ಹಬ್ಬಿಸಿದ ಕಾಳುಮೆಣಸು. ಹವಾಮಾನ ಆಧಾರಿತ ಬೆಳೆ ವಿಮೆಯ ಕಂತನ್ನು ಸಕಾಲದಲ್ಲಿ ಕಟ್ಟಿದ್ದರು. ಆ ವರ್ಷ ಮಳೆ ಬಿಡದೆ ಸುರಿದು, ಮದ್ದು ಹೊಡೆಯಲು ಎಡೆ ಸಿಗದೆ, ಕೊಳೆರೋಗದಿಂದ ಅರ್ಧ ಫಸಲು ಮರದ ಬುಡ ಸೇರಿತ್ತು. ಪಕ್ಕದ ತೋಟದವರಿಗೆ ವಿಮೆಯ ಹಣ ಬಂತು, ಇವರಿಗೆ ಬರಲಿಲ್ಲ. ವಿಚಾರಿಸಿದಾಗ ತಿಳಿದದ್ದು ಇಷ್ಟು: ಬೆಳೆ ಸಮೀಕ್ಷೆಯಲ್ಲಿ ಇವರ ಸರ್ವೆ ನಂಬರಿನ ಎದುರು ಅಡಿಕೆ ಎಂದು ಇರಬೇಕಾದ ಕಡೆ 'ಪಾಳು' ಎಂದು ನಮೂದಾಗಿತ್ತು. ಆಕ್ಷೇಪಣೆ ಸಲ್ಲಿಸುವ ಅವಧಿಯೂ ಕಳೆದಿತ್ತು. "ನನ್ನ ಅಪ್ಪ ನೆಟ್ಟ ಮರಗಳು ಅವರ ಕಣ್ಣಿಗೆ ಬೀಳಲಿಲ್ಲವೇ?" ಎಂದು ಅವರು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಈ ತಪ್ಪಿನಲ್ಲಿ ಇಬ್ಬರ ಪಾಲಿದೆ. ನಮೂದಿಸಿದವರು ತೋಟದೊಳಗೆ ಬಂದು ನೋಡಲಿಲ್ಲ ಅಥವಾ ಮೊಬೈಲಿನಲ್ಲಿ ಸರಿಯಾದ ಬೆಳೆಯನ್ನು ಆರಿಸಲಿಲ್ಲ. ನಮ್ಮ ಸದಸ್ಯರಿಗೆ ಇಂಥದೊಂದು ದಾಖಲೆ ಇದೆ, ಅದನ್ನು ತಾವೇ ನೋಡಬಹುದು ಎಂಬುದೇ ತಿಳಿದಿರಲಿಲ್ಲ. ಆದುದರಿಂದ ಈ ಸಂಚಿಕೆಯಲ್ಲಿ ಗಣಕ ಸಾಕ್ಷರತೆಯ ವಿಷಯವಾಗಿ ಬೆಳೆಗಾರ ಬಂಧುಗಳಿಗೆ ನಾಲ್ಕು ಮಾತು ತಿಳಿಸಬೇಕೆಂದು ಬಯಸಿದ್ದೇವೆ.

ಗಣಕ ಸಾಕ್ಷರತೆ ಎಂದರೇನು?

ಗಣಕ ಸಾಕ್ಷರತೆ ಎಂದೊಡನೆ ಹಲವರು ಟೈಪು ಮಾಡುವುದು, ವಿಡಿಯೊ ನೋಡುವುದು, ವಾಟ್ಸ್ಆಪ್ ಕಳಿಸುವುದು ಎಂದು ತಿಳಿಯುತ್ತಾರೆ. ಅವೆಲ್ಲ ಮೊಮ್ಮಕ್ಕಳಿಂದ ಎರಡು ದಿನದಲ್ಲಿ ಕಲಿಯಬಹುದು. ನಮಗೆ ಮುಖ್ಯವಾಗಿ ಬೇಕಾದುದು ನಾಲ್ಕು ತಿಳಿವಳಿಕೆ. ನನ್ನ ಹೆಸರಿನ ದಾಖಲೆ ಎಲ್ಲಿದೆ? ಅದನ್ನು ತುಂಬುವವರು ಯಾರು? ಅದು ಸರಿಯಿದೆಯೇ ಎಂದು ನಾನು ನೋಡುವುದು ಹೇಗೆ? ತಪ್ಪಿದ್ದರೆ ಯಾವ ದಿನದೊಳಗೆ, ಯಾರಿಗೆ ಹೇಳಬೇಕು? ಈ ನಾಲ್ಕನ್ನು ಬಲ್ಲವನು ಸ್ವಂತ ಕಂಪ್ಯೂಟರ್ ಇಲ್ಲದಿದ್ದರೂ ಸಾಕ್ಷರನೇ. ಇವು ತಿಳಿಯದವನ ಕೈಯಲ್ಲಿ ಎಷ್ಟು ಬೆಲೆಯ ಮೊಬೈಲು ಇದ್ದರೂ ಪ್ರಯೋಜನ ಸ್ವಲ್ಪವೇ.

ಮೈಲುತುತ್ತ ಮತ್ತು ಸುಣ್ಣ ಬೆರೆಸಿದ ಮೇಲೆ ದ್ರಾವಣದಲ್ಲಿ ಕಬ್ಬಿಣದ ಚೂರಿ ಅದ್ದಿ ನೋಡುವುದನ್ನು ನಮ್ಮ ಹಿರಿಯರು ಕಲಿಸಿದ್ದಾರೆ. ಚೂರಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಬೇಕು ಎಂದು ಅರ್ಥ. ಹಾಗೆ ನೋಡದೆ ಯಾರೂ ಮದ್ದು ಹೊಡೆಯುವುದಿಲ್ಲ. ದಾಖಲೆಯ ವಿಷಯದಲ್ಲಿಯೂ ಇದೇ ಅಭ್ಯಾಸ ಬರಬೇಕು.

ಭೂಮಿ ಯೋಜನೆಯ ಪಾಠ

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸತಲ್ಲ. ಪಹಣಿಯನ್ನು ಗ್ರಾಮ ಲೆಕ್ಕಿಗರು ಕೈಯಲ್ಲಿ ಬರೆದುಕೊಡುತ್ತಿದ್ದ ಕಾಲವನ್ನು ಅನೇಕ ಸದಸ್ಯರು ಕಂಡಿದ್ದಾರೆ. ಒಂದು ನಕಲಿಗಾಗಿ ವಾರಗಟ್ಟಲೆ ಅಲೆಯಬೇಕಿತ್ತು. ದಾಖಲೆ ಪುಸ್ತಕ ಒಬ್ಬರ ಸ್ವಾಧೀನದಲ್ಲಿತ್ತು. 2000ದ ಸುಮಾರಿಗೆ ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ, ತಾಲ್ಲೂಕು ಕಚೇರಿಯ ಕಿಯೋಸ್ಕ್‌ನಲ್ಲಿ 15 ರೂಪಾಯಿಗೆ ಪ್ರತಿ ಕೊಡುವ ಏರ್ಪಾಡು ಬಂತು. ಕ್ರಮೇಣ ಕೈಬರಹದ ಪಹಣಿಯ ಬಳಕೆ ನಿಂತಿತು.

ಇದರಿಂದ ಬೆಳೆಗಾರರಿಗೆ ಬಹಳ ಅನುಕೂಲವಾಯಿತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಹಳೆಯ ಪುಸ್ತಕದಲ್ಲಿದ್ದ ತಪ್ಪು ಗಣಕಕ್ಕೂ ಹೋಯಿತು. ಏರಿಸುವಾಗ ಹೆಸರಿನಲ್ಲಿ ಒಂದಕ್ಷರ, ವಿಸ್ತೀರ್ಣದಲ್ಲಿ ಒಂದು ಗುಂಟೆ ವ್ಯತ್ಯಾಸವಾದ ಉದಾಹರಣೆಗಳೂ ಉಂಟು. ಅಚ್ಚಾದ ಕಾಗದ ಕಂಡೊಡನೆ ಅದು ಸರಿಯೇ ಇರಬೇಕೆಂದು ನಂಬುವುದು ನಮ್ಮ ಸ್ವಭಾವ. ಯಂತ್ರವು ತುಂಬಿದ್ದನ್ನು ತೋರಿಸುತ್ತದೆಯೇ ಹೊರತು, ತುಂಬಿದ್ದು ನಿಜವೇ ಎಂದು ಅದಕ್ಕೆ ತಿಳಿಯದು. ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು, 11ರಲ್ಲಿ ಸಾಲ ಮತ್ತು ಇತರ ಹಕ್ಕು, 12ರಲ್ಲಿ ಸಾಗುವಳಿ ಮತ್ತು ಬೆಳೆ ಇರುತ್ತದೆ. ವರ್ಷಕ್ಕೊಮ್ಮೆಯಾದರೂ ಈ ಮೂರನ್ನು ಓದಿ ನೋಡತಕ್ಕದ್ದು. ಸಾಲ ತೀರಿಸಿ ಎಷ್ಟೋ ವರ್ಷವಾದರೂ 11ನೇ ಕಾಲಂನಲ್ಲಿ ಋಣ ಹಾಗೆಯೇ ಉಳಿದಿರುವುದು ಹೊಸ ಸಾಲ ಕೇಳಲು ಹೋದ ದಿನವೇ ಗೊತ್ತಾಗುವುದು ಸರಿಯಲ್ಲ.

ಬೆಳೆ ಸಮೀಕ್ಷೆ: ನಾವೇ ಮಾಡಬಹುದಾದ ಕೆಲಸ

ಬೆಳೆ ಸಮೀಕ್ಷೆ ಈಗ ಮೊಬೈಲಿನ ಮೂಲಕ ನಡೆಯುತ್ತದೆ. 2020ರ ಮುಂಗಾರಿನಿಂದ ರೈತರೇ ತಮ್ಮ ಜಮೀನಿನ ಬೆಳೆಯ ವಿವರವನ್ನು ಚಿತ್ರಸಹಿತ ದಾಖಲಿಸಲು ಅವಕಾಶ ಬಂದಿದೆ. ರೈತರು ಮಾಡದೆ ಉಳಿದ ಜಾಗವನ್ನು ಊರಿನ ಖಾಸಗಿ ನಿವಾಸಿಗಳೆಂದು ನೇಮಿಸಿದ ಯುವಕರು ಮಾಡುತ್ತಾರೆ. ಅವರು ಹಲವು ಸರ್ವೆ ನಂಬರುಗಳಿಗೆ ಓಡಬೇಕು. ಹಳ್ಳ ದಾಟಿ, ಗುಡ್ಡ ಹತ್ತಿ ನಮ್ಮ ತೋಟದ ಕೊನೆಯ ಮೂಲೆಗೆ ಬರುವ ಉತ್ಸಾಹ ಎಲ್ಲರಿಗೂ ಇರದು. ನಮ್ಮ ಬೆಳೆಯನ್ನು ನಾವೇ ದಾಖಲಿಸಿದರೆ ಈ ತೊಡಕು ಇರುವುದಿಲ್ಲ.

ಮಲೆನಾಡಿನ ತೋಟಗಳಲ್ಲಿ ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು, ಮೊಬೈಲು ನಾವು ನಿಂತ ಜಾಗವನ್ನು ಉಪಗ್ರಹಗಳ ಸಂಕೇತದಿಂದ ಗುರುತಿಸುತ್ತದೆ. ದಟ್ಟ ಮರದ ಕೆಳಗೆ ಈ ಗುರುತು ಹಲವು ಮೀಟರು ತಪ್ಪಬಹುದು. ಚಿಕ್ಕ ಹಿಡುವಳಿಯಲ್ಲಿ ಅಷ್ಟು ತಪ್ಪಿದರೆ ಪಕ್ಕದವರ ಜಮೀನಿನಲ್ಲಿ ನಿಂತಂತೆ ತೋರುತ್ತದೆ. ಆಕಾಶ ಕಾಣುವ ಎಡೆಯಲ್ಲಿ, ಗಡಿಯಿಂದ ಒಳಗೆ, ಒಂದೆರಡು ನಿಮಿಷ ಸುಮ್ಮನೆ ನಿಂತು ಆಮೇಲೆ ಚಿತ್ರ ತೆಗೆಯುವುದು ಒಳ್ಳೆಯದು. ಎರಡನೆಯದು ಮಿಶ್ರ ಬೆಳೆ. ಅಡಿಕೆಯೊಂದಿಗೆ ಕಾಳುಮೆಣಸು, ಕಾಫಿ, ಏಲಕ್ಕಿ ಇದ್ದರೆ ಪ್ರತಿಯೊಂದನ್ನೂ ನಮೂದಿಸಬೇಕು. ಮುಖ್ಯ ಬೆಳೆ ಮಾತ್ರ ಬರೆದು ಮೆಣಸಿಗೆ ವಿಮೆ ಕಟ್ಟಿದರೆ ಮುಂದೆ ತಕರಾರು ತಪ್ಪದು.

ದಾಖಲಾದ ವಿವರವನ್ನು 'ಬೆಳೆ ದರ್ಶಕ್' ಎಂಬ ಆ್ಯಪ್‌ನಲ್ಲಿ ನೋಡಿ, ತಪ್ಪಿದ್ದರೆ ಆಕ್ಷೇಪಣೆ ಸಲ್ಲಿಸಲು ಅವಕಾಶ ಕೊಡಲಾಗಿದೆ. ಅಡಿಕೆಗೆ ನಾವು ಕಟ್ಟುವ ಕಂತು ವಿಮಾ ಮೊತ್ತದ ಶೇ. 5. ಇದು ಸಣ್ಣ ಹಣವಲ್ಲ. ಕಂತು ಕಟ್ಟಿದ ರಸೀದಿಯನ್ನು ಜೋಪಾನ ಮಾಡುವ ನಾವು, ಆ ರಸೀದಿಗೆ ಬೆಲೆ ತರುವ ಬೆಳೆ ದಾಖಲೆಯನ್ನು ನೋಡದೆ ಬಿಡುವುದು ಎಷ್ಟು ಸರಿ?

ನೌಕರರ ಕಷ್ಟವನ್ನೂ ತಿಳಿಯೋಣ

ಬೆಳೆಗಾರರು ಕಲಿತರೆ ಸಾಲದು. ಮೇಜಿನ ಆಚೆ ಕೂತವರೂ ಕಲಿತಿರಬೇಕು. ರಾಜ್ಯ ಸರ್ಕಾರವು 2012ರಲ್ಲಿ ನಿಯಮ ಮಾಡಿ ತನ್ನ ನೌಕರರಿಗೆ ಗಣಕಯಂತ್ರ ಸಾಕ್ಷರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಕೇಂದ್ರ ಸರ್ಕಾರ 2020ರಲ್ಲಿ ಮಿಷನ್ ಕರ್ಮಯೋಗಿ ಎಂಬ ತರಬೇತಿ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಪರೀಕ್ಷೆ ಪಾಸಾಗುವುದು ಒಳ್ಳೆಯದೇ. ಆದರೆ ಕಡತ ತೆರೆಯಲು ಬಂದ ಮಾತ್ರಕ್ಕೆ, ಎದುರು ನಿಂತ ರೈತನಿಗೆ 'ನಿಮ್ಮ ಅರ್ಜಿ ಇಲ್ಲಿ ನಿಂತಿದೆ, ಈ ಕಾರಣಕ್ಕೆ ನಿಂತಿದೆ' ಎಂದು ತಿಳಿಸಿ ಹೇಳಲು ಬಂದಂತಲ್ಲ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬುದು ಉತ್ತರವಾಗಬಾರದು.

ಹಾಗೆಂದು ದೋಷವನ್ನೆಲ್ಲ ಅವರ ತಲೆಗೆ ಕಟ್ಟುವುದು ನ್ಯಾಯವಲ್ಲ. 2024ರಲ್ಲಿ ರಾಜ್ಯದ ಗ್ರಾಮ ಆಡಳಿತ ಅಧಿಕಾರಿಗಳು, ಎಂದರೆ ಹಿಂದಿನ ಗ್ರಾಮ ಲೆಕ್ಕಿಗರು, ಮುಷ್ಕರ ಹೂಡಿದ್ದು ಸದಸ್ಯರಿಗೆ ನೆನಪಿರಬಹುದು. ಹತ್ತಾರು ಆ್ಯಪ್‌ಗಳಲ್ಲಿ ಕೆಲಸ ಮಾಡಬೇಕೆನ್ನುತ್ತಾರೆ, ಅದಕ್ಕೆ ತಕ್ಕ ಉಪಕರಣ ಮತ್ತು ಸೌಲಭ್ಯ ಕೊಡುವುದಿಲ್ಲ ಎಂಬುದು ಅವರ ಮುಖ್ಯ ದೂರುಗಳಲ್ಲಿ ಒಂದಾಗಿತ್ತು. ಕತ್ತಿ ಕೊಡದೆ ಗೊನೆ ಇಳಿಸು ಎಂದರೆ ಯಾವ ಕೊನೆಗಾರ ಮರ ಹತ್ತುತ್ತಾನೆ? ಹೊಸ ಆ್ಯಪ್ ತರುವ ಮುನ್ನ ಅದನ್ನು ಬಳಸುವವರಿಗೆ ಉಪಕರಣ, ತರಬೇತಿ, ಸಮಯ ಈ ಮೂರನ್ನೂ ಒದಗಿಸುವುದು ಸರ್ಕಾರದ ಹೊಣೆ. ಅದು ಆಗದಿದ್ದಾಗ ಅವಸರದ ನಮೂದು, ತಪ್ಪು ನಮೂದು ಆಗುತ್ತದೆ. ಕೊನೆಯಲ್ಲಿ ನಷ್ಟ ನಮ್ಮದು.

ಕಾಫಿ ಬೆಳೆಗಾರರಿಗೆ ವಿಶೇಷ ಸೂಚನೆ

ನಮ್ಮ ದೇಶದ ಕಾಫಿಯ ದೊಡ್ಡ ಪಾಲು ಯೂರೋಪಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟವು 2023ರಲ್ಲಿ ಮಾಡಿದ ಅರಣ್ಯನಾಶ ತಡೆ ಕಾಯಿದೆಯ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ. ಬೆಳೆದ ಜಾಗದ ಭೌಗೋಳಿಕ ಗುರುತನ್ನೂ ಕೊಡಬೇಕು. 4 ಹೆಕ್ಟೇರಿಗಿಂತ ದೊಡ್ಡ ತೋಟಕ್ಕೆ ಸುತ್ತಲಿನ ಗಡಿಯ ಗುರುತು ಬೇಕು. ಅದಕ್ಕಿಂತ ಚಿಕ್ಕದಕ್ಕೆ ಒಂದು ಬಿಂದುವಿನ ಗುರುತು ಸಾಕು. ಕಾಯಿದೆ ಜಾರಿಯ ದಿನ ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ದಿನ ಮುಂದೆ ಹೋಯಿತೆಂದು ಕೈಕಟ್ಟಿ ಕೂರುವುದು ಬೇಡ. ಸಣ್ಣ ಬೆಳೆಗಾರನ ಕಾಫಿ ಹಲವರ ಕಾಫಿಯೊಂದಿಗೆ ಬೆರೆತು ಹೋಗುವುದರಿಂದ, ಗುರುತಿಲ್ಲದ ಕಾಫಿಯನ್ನು ಕೊಳ್ಳಲು ವ್ಯಾಪಾರಿ ಹಿಂಜರಿಯಬಹುದು ಅಥವಾ ಬೆಲೆ ಇಳಿಸಬಹುದು. ತೋಟದ ಗುರುತನ್ನು ಪಹಣಿಯೊಂದಿಗೆ ಇಟ್ಟುಕೊಂಡಿರುವುದು ಕ್ಷೇಮ.

ಬೆರಳು ಸವೆದವರು, ಮೋಸಕ್ಕೆ ಸಿಕ್ಕಿದವರು

ಅಡಿಕೆ ಸುಲಿದು, ಕತ್ತಿ ಹಿಡಿದು ಬೆರಳಚ್ಚು ಸವೆದ ಹಿರಿಯರಿಗೆ ಯಂತ್ರ 'ಹೊಂದಿಕೆಯಾಗುತ್ತಿಲ್ಲ' ಎಂದು ಹೇಳುವುದು ಸಾಮಾನ್ಯ. ಅಂಥವರು ನಾಚಿಕೊಂಡು ಮನೆಗೆ ಹಿಂದಿರುಗಬೇಕಾಗಿಲ್ಲ. ಪಿ.ಎಂ. ಕಿಸಾನ್ ಯೋಜನೆಯ ಇ-ಕೆವೈಸಿಯನ್ನು ಬೆರಳಚ್ಚಿನ ಜೊತೆಗೆ ಒಟಿಪಿ ಮೂಲಕವೂ, 2023ರಿಂದ ಮುಖ ತೋರಿಸಿಯೂ ಮಾಡಬಹುದು. ಬೇರೆ ದಾರಿ ಇದೆಯೇ ಎಂದು ಕೇಳುವುದೂ ಸಾಕ್ಷರತೆಯ ಭಾಗವೇ.

ಮೋಸದ ವಿಷಯದಲ್ಲಿ ಮೂರು ಮಾತು ನೆನಪಿಡಿ. ಒಂದು: ನಮ್ಮ ಖಾತೆಗೆ ಹಣ ಬರಲು ಪಿನ್ ಒತ್ತಬೇಕಾಗಿಲ್ಲ, ಪಿನ್ ಒತ್ತುವುದು ಹಣ ಹೋಗಲು. ಎರಡು: ಯಾವ ಬ್ಯಾಂಕಿನವರೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ. ಮೂರು: ಸಹಾಯಧನ ಬಂದಿದೆ, ಈ ಕಡತವನ್ನು ಮೊಬೈಲಿಗೆ ಹಾಕಿಕೊಳ್ಳಿ ಎಂದು ವಾಟ್ಸ್ಆಪ್‌ನಲ್ಲಿ ಬಂದುದನ್ನು ತೆರೆಯಬಾರದು. ಮೋಸವಾದುದು ಗೊತ್ತಾದೊಡನೆ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಯಲು ಸಾಧ್ಯವಿದೆ. ಮರ್ಯಾದೆಗೆ ಅಂಜಿ ಎರಡು ದಿನ ಸುಮ್ಮನಿದ್ದರೆ ಆ ಅವಕಾಶ ಕೈತಪ್ಪುತ್ತದೆ.

ಕಲಿಸುವವರು ಯಾರು?

2017ರಲ್ಲಿ ಕೇಂದ್ರ ಸರ್ಕಾರ ಪ್ರಧಾನಮಂತ್ರಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನವನ್ನು ಆರಂಭಿಸಿ, 6 ಕೋಟಿ ಗ್ರಾಮೀಣ ಮನೆಗಳಲ್ಲಿ ಮನೆಗೊಬ್ಬರಂತೆ 20 ಗಂಟೆಗಳ ತರಬೇತಿ ಕೊಡುವ ಗುರಿಯಿಟ್ಟಿತು. 2024ರ ಮಾರ್ಚಿಗೆ ಆ ಯೋಜನೆ ಮುಗಿಯಿತು. ಅದರಲ್ಲಿ ಸೇರಲು ವಯಸ್ಸು 14ರಿಂದ 60 ಎಂದಿತ್ತು. ನಮ್ಮ ಸದಸ್ಯರ ಪಟ್ಟಿ ನೋಡಿದರೆ ಪಹಣಿ ಯಾರ ಹೆಸರಿನಲ್ಲಿದೆಯೋ ಅವರಲ್ಲಿ ಬಹಳ ಮಂದಿ 60 ದಾಟಿದವರೇ. ದಾಖಲೆ ಉಳ್ಳವರೇ ತರಗತಿಯಿಂದ ಹೊರಗುಳಿದಂತಾಯಿತು.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. 2002ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಅಕ್ಷಯ ಯೋಜನೆ ಮನೆಗೊಬ್ಬರಿಗೆ ಗಣಕ ಕಲಿಸಲು ಹೊರಟಿತು. ಮುಂದೆ ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಪಂಚಾಯಿತಿಯಲ್ಲಿ ಸ್ವಯಂಸೇವಕರು ಜನರಿದ್ದಲ್ಲಿಗೇ ಹೋಗಿ ವೃದ್ಧರಿಗೂ ಕಲಿಸಿದರು. 2022ರಲ್ಲಿ ಅದು ಆ ರಾಜ್ಯದ ಮೊದಲ ಸಂಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎನಿಸಿತು. ಅದೇ ಮಾದರಿಯನ್ನು ರಾಜ್ಯಕ್ಕೆಲ್ಲ ಹಬ್ಬಿಸಿ, 2025ರ ಆಗಸ್ಟಿನಲ್ಲಿ ಇಡೀ ಕೇರಳವೇ ಡಿಜಿಟಲ್ ಸಾಕ್ಷರವಾಯಿತೆಂದು ಅಲ್ಲಿನ ಸರ್ಕಾರ ಘೋಷಿಸಿತು. ಘೋಷಣೆಗಿಂತ ನಮಗೆ ಮುಖ್ಯವಾದುದು ಅವರ ಕ್ರಮ. ಕಲಿಯುವವರು ಬರಲಿ ಎಂದು ಕಾಯದೆ, ಕಲಿಸುವವರೇ ಹೋದರು.

ನಮ್ಮ ಸಂಘ ಏನು ಮಾಡಬಹುದು?

ಇಂಥ ಕೆಲಸಕ್ಕೆ ಸಹಕಾರ ಸಂಘಕ್ಕಿಂತ ತಕ್ಕ ಜಾಗ ಬೇರೆ ಇಲ್ಲ. ಅಡಿಕೆ ತಂದವರು, ಗೊಬ್ಬರ ಒಯ್ಯುವವರು ಹೇಗೂ ಇಲ್ಲಿಗೆ ಬರುತ್ತಾರೆ. ಮಳೆಗಾಲ ಹಿಡಿಯುವ ಮೊದಲು ಒಂದು ದಿನ ಸದಸ್ಯರು ಪಹಣಿ ಮತ್ತು ಮೊಬೈಲು ತಂದು ಕೂತರೆ, ಹೆಸರು, ಋಣ, ಬೆಳೆ ಈ ಮೂರನ್ನು ನೋಡಿ ಮುಗಿಸಬಹುದು. ಸಮೀಕ್ಷೆ ಮುಗಿದ ಮೇಲೆ ಇನ್ನೊಮ್ಮೆ ಕೂತು ಬೆಳೆಯ ನಮೂದು ನೋಡಬಹುದು. ಆ ದಿನ ಗ್ರಾಮ ಆಡಳಿತ ಅಧಿಕಾರಿಯವರನ್ನೂ ತೋಟಗಾರಿಕೆ ಇಲಾಖೆಯವರನ್ನೂ ಕರೆಯೋಣ. ಪಕ್ಕದಲ್ಲಿ ಕೂತು ಒಂದೇ ಪರದೆಯನ್ನು ನೋಡಿದರೆ ಅವರಿಗೆ ನಮ್ಮ ಕಷ್ಟ, ನಮಗೆ ಅವರ ಕಷ್ಟ ತಿಳಿಯುತ್ತದೆ.

ಮಗಳೋ ಮೊಮ್ಮಗನೋ ಕಲಿಸಿದರೆ ಸಂತೋಷ. ಆದರೆ 'ನೀನೇ ಮಾಡಿಕೊಡು' ಎಂದು ಮೊಬೈಲನ್ನೂ ಪಿನ್ನನ್ನೂ ಒಪ್ಪಿಸಿಬಿಡಬೇಡಿ. ಅವರು ಮತ್ತೆ ಊರಿಗೆ ಬರುವುದು ದೀಪಾವಳಿಗೆ, ಆಕ್ಷೇಪಣೆಯ ಕೊನೆಯ ದಿನ ಅಷ್ಟರವರೆಗೆ ಕಾಯುವುದಿಲ್ಲ. ಮನೆಯ ಹೆಣ್ಣುಮಕ್ಕಳನ್ನೂ ಕರೆತನ್ನಿ. ತೋಟದ ಲೆಕ್ಕ ಅನೇಕ ಮನೆಗಳಲ್ಲಿ ಅವರ ಕೈಯಲ್ಲಿಯೇ ಇದೆ.

ಮೊದಲು ಹೇಳಿದ ಸದಸ್ಯರು ಹೋದ ವರ್ಷದ ಹಣವನ್ನು ಕಳೆದುಕೊಂಡರು. ಈ ವರ್ಷ ಅವರೇ ತೋಟದ ಎಡೆಯಲ್ಲಿ ನಿಂತು ಚಿತ್ರ ತೆಗೆದು, ಅಡಿಕೆ ಮತ್ತು ಕಾಳುಮೆಣಸು ಎರಡನ್ನೂ ದಾಖಲಿಸಿ ಬಂದಿದ್ದಾರೆ. ಅವರ ವಯಸ್ಸು 67. ಅವರಿಗೆ ಸಾಧ್ಯವಾದುದು ನಮ್ಮೆಲ್ಲರಿಗೂ ಸಾಧ್ಯ. ಪರಿಹಾರ ಬರಲಿಲ್ಲವೆಂದು ಕಚೇರಿಗೆ ಬರುವ ಮೊದಲು, ದಾಖಲೆ ನೋಡಲು ಒಮ್ಮೆ ಸಂಘಕ್ಕೆ ಬನ್ನಿ ಎಂದು ಸರ್ವ ಸದಸ್ಯರಲ್ಲಿ ವಿನಂತಿಸುತ್ತೇವೆ.