ಅಡಿಕೆ ಸುಲಿತದ ಕಾಲದಲ್ಲಿ ಕೂಲಿಕಾರರಿಗೆ ಯೋಗಾಭ್ಯಾಸ

ಶೃಂಗೇರಿಯಿಂದ ಕಾರ್ಕಳದ ಕಡೆಗೆ ಘಟ್ಟವಿಳಿಯುವ ಮಾರ್ಗದಲ್ಲಿರುವ ಕೆರೆಕಟ್ಟೆಯು ಚಿಕ್ಕಮಗಳೂರು ಜಿಲ್ಲೆಯಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು. ಅಲ್ಲಿಯೂ ಕೊಪ್ಪ, ನರಸಿಂಹರಾಜಪುರದ ಸೀಮೆಗಳಲ್ಲಿಯೂ ಅಡಿಕೆಯೇ ಅನೇಕ ಕುಟುಂಬಗಳ ಜೀವನಾಧಾರವಾಗಿರುವುದು ಸರ್ವವಿದಿತವಾದ ಸಂಗತಿ. ಮರದ ರೋಗಗಳ ವಿಷಯದಲ್ಲಿ ತೋಟದ ಯಜಮಾನರು ತೋರಿಸುವ ಜಾಗರೂಕತೆ ಸಣ್ಣದಲ್ಲ. ಮೈಸೂರು ವ್ಯವಸಾಯ ಇಲಾಖೆಯಲ್ಲಿದ್ದ ಡಾಕ್ಟರ್ ಕೋಲ್ಮನ್‌ರವರು 1910ರ ಸುಮಾರಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಿಕೆಯನ್ನು ತೋರಿಸಿಕೊಟ್ಟಂದಿನಿಂದ, ಮುಂಗಾರಿಗೆ ಮುಂಚೆ ಔಷಧಿ ಹೊಡೆಯಿಸುವುದು ಮನೆಮನೆಯ ನಿಯಮವಾಯಿತು. ಹಳದಿ ಎಲೆ ರೋಗದ ಚಿಂತೆಯಂತೂ ಹೇಳತೀರದು. ಆದರೆ ಆ ಮರದ ಫಲವನ್ನು ಸುಲಿದು ಕೊಡತಕ್ಕವರ ಬೆನ್ನಿಗೆ ಬಂದಿರುವ ರೋಗವನ್ನು ವಿಚಾರಿಸುವವರು ವಿರಳ.

ಮಲೆನಾಡಿನ ಪದ್ಧತಿಯಂತೆ ಹಸಿಯಡಿಕೆಯನ್ನು ಕೊಯ್ದ ಮೇಲೆ ಅದು ಕೆಡುವುದರೊಳಗಾಗಿ ಸುಲಿದು ಬೇಯಿಸಬೇಕಾದುದರಿಂದ, ಸುಲಿತದ ಕೆಲಸಕ್ಕೆ ಅವಸರ ತಪ್ಪದು. ಮೆಟ್ಟುಗತ್ತಿಯ ಮುಂದೆ ಕುಳಿತವರು, ಅವರಲ್ಲಿ ಬಹುಮಂದಿ ಹೆಂಗಸರು, ಬೆಳಿಗ್ಗೆಯಿಂದ ಸಂಜೆಯವರೆಗೆ, ಕೆಲವೆಡೆ ರಾತ್ರಿಯವರೆಗೂ, ಸೊಂಟವನ್ನು ಬಗ್ಗಿಸಿ, ಕತ್ತನ್ನು ಮುಂದಕ್ಕೆ ಚಾಚಿ, ಒಂದೇ ಭಂಗಿಯಲ್ಲಿರುತ್ತಾರೆ. ಸುಲಿಯುವ ಯಂತ್ರಗಳು ಬಂದಿದ್ದರೂ ಕೈಸುಲಿತವು ಪೂರ್ತಿಯಾಗಿ ನಿಂತಿಲ್ಲ.

ಹೀಗೆ ಬಹಳ ಹೊತ್ತು ಬಗ್ಗಿ ಕುಳಿತಾಗ ಬೆನ್ನೆಲುಬಿನ ಹಿಂಭಾಗದ ಕಟ್ಟುಗಳು ನಿಧಾನವಾಗಿ ಹಿಗ್ಗುತ್ತವೆ. ಎದ್ದ ಕೂಡಲೆ ಅವು ಪೂರ್ವಸ್ಥಿತಿಗೆ ಬರುವುದಿಲ್ಲ. ಅದಕ್ಕೆ ಕೆಲವು ನಿಮಿಷಗಳಾದರೂ ಬೇಕು. ಆ ನಿಮಿಷಗಳಲ್ಲಿ ಬೆನ್ನಿಗೆ ಆಧಾರ ಕಡಮೆ. ಆದರೆ ಆಳುಗಳು ಮಾಡುವುದೇನು? ಮೂರು ಗಂಟೆ ಕುಳಿತಿದ್ದು, ಎದ್ದೊಡನೆ ಸುಲಿದ ಅಡಿಕೆಯ ಬುಟ್ಟಿಯನ್ನೆತ್ತಿ ಬೇಯಿಸುವ ಹಂಡೆಯ ಬಳಿಗೆ ಒಯ್ಯುತ್ತಾರೆ. ಸೊಂಟ ಹಿಡಿದುಕೊಳ್ಳುವುದು ಬಹುಶಃ ಈ ಸಮಯದಲ್ಲಿಯೇ. ಬುಟ್ಟಿಯನ್ನು ಹೊರುವ ಕೆಲಸವನ್ನು ಕುಳಿತಿದ್ದವರಿಗೆ ಬಿಟ್ಟು ಬೇರೆಯವರಿಗೆ ವಹಿಸುವುದು ಯಾವ ಆಸನಕ್ಕಿಂತಲೂ ಮೊದಲು ಆಗತಕ್ಕ ಸುಧಾರಣೆ.

ಯೋಗಾಭ್ಯಾಸವು ನಮ್ಮ ನಾಡಿಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆಯನ್ನು ನಡೆಯಿಸಿದರು. ಅವರ ‘ಯೋಗ ಮಕರಂದ’ವು 1934ರಲ್ಲಿ ಕನ್ನಡದಲ್ಲಿಯೇ ಪ್ರಕಟವಾಯಿತು. ಅವರ ಶಿಷ್ಯರಾದ ಬೆಳ್ಳೂರು ಕೃಷ್ಣಮಾಚಾರ್ ಸುಂದರರಾಜ ಅಯ್ಯಂಗಾರ್ಯರು ಗೋಡೆ, ಹಗ್ಗ, ಕುರ್ಚಿಗಳ ಆಸರೆಯಿಂದ ಅಶಕ್ತರೂ ಆಸನಗಳನ್ನು ಮಾಡಬಹುದೆಂದು ಲೋಕಕ್ಕೆಲ್ಲ ತೋರಿಸಿದರು. ಕೆಲಸದ ಸ್ಥಳದಲ್ಲಿಯೇ ಅಭ್ಯಾಸವಾಗಬೇಕೆಂಬ ವಿಚಾರವು ಈಚಿನದು. ಕೇಂದ್ರ ಸರ್ಕಾರದ ಆಯುಷ್ ಮಂತ್ರಾಲಯವು 2021ರಲ್ಲಿ ಕಚೇರಿಯ ನೌಕರರಿಗಾಗಿ 5 ನಿಮಿಷದ ‘ಯೋಗ ವಿರಾಮ’ವನ್ನು ಪ್ರಚಾರಕ್ಕೆ ತಂದಿತು. ಮೇಜಿನ ಮುಂದೆ ಕುಳಿತವರಿಗೆ ಬೇಕಾದುದು ಮೆಟ್ಟುಗತ್ತಿಯ ಮುಂದೆ ಕುಳಿತವರಿಗೆ ಬೇಡವೆನ್ನಲು ಕಾರಣವಿಲ್ಲ. ಜೂನ್ 21ರ ಯೋಗ ದಿನಾಚರಣೆಯು 2015ರಿಂದ ನಡೆದುಬರುತ್ತಿದ್ದರೂ, ಆ ದಿನವು ಕೆರೆಕಟ್ಟೆಯಲ್ಲಿ ಜಡಿಮಳೆಯ ಕಾಲಕ್ಕೆ ಬೀಳುತ್ತದೆ. ಬೆನ್ನು ನೋಯುವುದು ಸುಗ್ಗಿಯಲ್ಲಿ. ಒಂದು ದಿನದ ಪ್ರದರ್ಶನದಿಂದ ಸುಲಿತದವರಿಗೆ ಆಗುವ ಪ್ರಯೋಜನ ಅತ್ಯಲ್ಪ.

ಇದರ ಫಲವನ್ನು ಉತ್ಪ್ರೇಕ್ಷೆ ಮಾಡಬಾರದು. ದೀರ್ಘಕಾಲದ ಸೊಂಟನೋವಿನ ಮೇಲೆ ನಡೆದ 12 ಪ್ರಯೋಗಗಳನ್ನು, ಅಂದರೆ 1,080 ಮಂದಿಯ ವಿವರಗಳನ್ನು, ಕಾಕ್ರೇನ್ ಸಂಸ್ಥೆಯ ವಿದ್ವಾಂಸರು 2017ರಲ್ಲಿ ಪರಿಶೀಲಿಸಿದರು. ಯಾವ ವ್ಯಾಯಾಮವನ್ನೂ ಮಾಡದವರಿಗಿಂತ ಯೋಗಾಭ್ಯಾಸಿಗಳಿಗೆ ಮೂರು ಮತ್ತು ಆರು ತಿಂಗಳುಗಳಲ್ಲಿ ಓಡಾಟ, ಕೆಲಸಗಳು ಸ್ವಲ್ಪ ಸುಗಮವಾದುವೆಂದು ಅವರು ಕಂಡುಕೊಂಡರು. ಬೆನ್ನಿನ ಇತರ ವ್ಯಾಯಾಮಗಳಿಗಿಂತ ಯೋಗವು ಮೇಲೆಂದು ಹೇಳಲು ಆಧಾರ ಸಿಕ್ಕಲಿಲ್ಲ. ಕೆಲವರಿಗೆ ಅಭ್ಯಾಸದಿಂದಲೇ ನೋವು ಹೆಚ್ಚಿದ್ದೂ ಉಂಟು. ಆದುದರಿಂದ ಇದನ್ನು ಸಾಧಾರಣ ಉಪಕಾರವುಳ್ಳ, ಖರ್ಚಿಲ್ಲದ ಸಾಧನವೆಂದು ತಿಳಿಯುವುದು ಯುಕ್ತ.

ಆಸನಗಳ ಆಯ್ಕೆಯಲ್ಲಿ ನೆನಪಿಡತಕ್ಕ ಸೂತ್ರ ಒಂದೇ: ಕೆಲಸವು ದೇಹವನ್ನು ಯಾವ ಕಡೆಗೆ ಬಗ್ಗಿಸುತ್ತದೆಯೋ ಅದಕ್ಕೆ ವಿರುದ್ಧವಾದ ಚಲನೆ ಬೇಕು. ಸುಲಿಯುವವರಿಗೂ ಗದ್ದೆಯಲ್ಲಿ ನಾಟಿ ಮಾಡುವವರಿಗೂ ಮುಂದಕ್ಕೆ ಬಗ್ಗುವ ಆಸನಗಳು ಬೇಡ. ದಿನವೆಲ್ಲ ಅವರು ಮಾಡುವುದೇ ಅದು. ಅವರು ಜಗುಲಿಯ ಕಂಬವನ್ನು ಹಿಡಿದು ಮೆಲ್ಲನೆ ಎದ್ದು ಇಪ್ಪತ್ತು ಹೆಜ್ಜೆ ನಡೆಯಲಿ. ಬೆರಳುಗಳನ್ನು ಹೆಣೆದು ಅಂಗೈಗಳನ್ನು ಮೇಲಕ್ಕೆತ್ತಿ ನೆಟ್ಟಗೆ ನಿಲ್ಲುವ ತಾಡಾಸನವನ್ನು ನಾಲ್ಕು ಉಸಿರುಗಳಷ್ಟು ಕಾಲ ಮಾಡಲಿ. ಅನಂತರ ಅಂಗೈಗಳನ್ನು ಸೊಂಟದ ಹಿಂದೆ ಒತ್ತಿ ಸ್ವಲ್ಪವೇ ಹಿಂದಕ್ಕೆ ಬಾಗುವ ಅರ್ಧಚಕ್ರಾಸನವನ್ನು ಐದು ಸಾರಿ ಮಾಡಬೇಕು. ಕತ್ತನ್ನು ಹಿಂದಕ್ಕೆ ಚೆಲ್ಲಬಾರದು. ಬೆರಳುಗಳನ್ನು ಹೆಗಲ ಮೇಲಿಟ್ಟು ಮೊಣಕೈಗಳನ್ನು ಸುತ್ತಿಸುವುದು, ಪಾದಗಳನ್ನಗಲಿಸಿ ನಿಂತು ನಡುವನ್ನು ಎಡಕ್ಕೂ ಬಲಕ್ಕೂ ತಿರುಗಿಸುವುದು, ಚೊಗರಿನಿಂದ ಕಪ್ಪಾದ ಬೆರಳುಗಳನ್ನು ಮುಚ್ಚಿ ತೆರೆಯುವುದು, ಇಷ್ಟೇ ಸಾಕು. ಇವೆಲ್ಲವೂ ಸೀರೆಯುಟ್ಟು ನಿಂತೇ ಮಾಡಬಹುದಾದವು.

ದೋಟಿ ಹಿಡಿದು ಕೊನೆ ಕೊಯ್ಯುವವರ ಸ್ಥಿತಿ ಇದಕ್ಕೆ ವ್ಯತಿರಿಕ್ತ. ಅವರ ಕತ್ತು ಗಂಟೆಗಟ್ಟಲೆ ಹಿಂದಕ್ಕೆ ಬಾಗಿರುವುದರಿಂದ, ಗದ್ದವನ್ನು ಒಳಕ್ಕೆಳೆದುಕೊಂಡು ತಲೆಯನ್ನು ಮೆಲ್ಲಗೆ ಎರಡು ಪಕ್ಕಕ್ಕೂ ತಿರುಗಿಸುವುದೇ ಅವರಿಗೆ ಹಿತ. ಮರ ಹತ್ತುವ ಕೊನೆಗಾರರಾದರೋ ಹತ್ತುವ ಮುಂಚೆ ಹರಡು, ಮೊಣಕಾಲು, ಹೆಗಲುಗಳನ್ನು ಸಡಿಲಿಸಿಕೊಳ್ಳಬಹುದು. ಉಸಿರು ಕಟ್ಟುವ, ವೇಗವಾಗಿ ಉಸಿರಾಡುವ ಅಥವಾ ತಲೆಕೆಳಗು ಮಾಡುವ ಅಭ್ಯಾಸವನ್ನು ಸರ್ವಥಾ ಮಾಡಕೂಡದು. ಮರದ ತುದಿಯಲ್ಲಿ ಒಂದು ಕ್ಷಣ ತಲೆ ತಿರುಗಿದರೆ ಪ್ರಾಣಕ್ಕೇ ಅಪಾಯ.

ತೋಟದೊಳಗೆ ತರಗೆಲೆಯ ಮೇಲೆ ಮಲಗಿ ಶವಾಸನ ಮಾಡುವುದೂ ಬೇಡ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಕಂಡುಬಂದ ಮಂಗನ ಕಾಯಿಲೆಯನ್ನು ಹರಡತಕ್ಕ ಉಣ್ಣೆಗಳು ಇಂಥ ಎಲೆಗಳಲ್ಲಿಯೇ ಇರುತ್ತವೆ, ಮತ್ತು ಆ ರೋಗದ ಕಾಲವು ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸುಗ್ಗಿಯೊಡನೆಯೇ ಬರುತ್ತದೆ.

ಇನ್ನು ಮುಖ್ಯವಾದ ಪ್ರಶ್ನೆ: ಈ ಹೊತ್ತು ಯಾರದು? ಸುಲಿತದ ಕೂಲಿಯು ಅನೇಕ ಕಡೆ ಅಳತೆಯ ಲೆಕ್ಕದಲ್ಲಿ ಸಲ್ಲುತ್ತದೆ. ಎದ್ದು ನಿಂತಷ್ಟು ಹೊತ್ತೂ ಕೂಲಿ ಕಡಮೆಯಾಗುವುದಾದರೆ, ಯಜಮಾನರು ಎಷ್ಟು ಉಪದೇಶ ಮಾಡಿದರೂ ಯಾವ ಹೆಂಗಸೂ ಏಳಲಾರಳು, ಏಳದಿರುವುದು ಅವಳ ತಪ್ಪೂ ಅಲ್ಲ. ಆದುದರಿಂದ ದಿನಕ್ಕೆ 5 ನಿಮಿಷದಂತೆ ಮೂರು ವಿರಾಮಗಳನ್ನಿಟ್ಟು, ಅವಳು ಒಂದು ಗಂಟೆಯಲ್ಲಿ ಸುಲಿಯುವ ಅಳತೆಯ ಕಾಲು ಭಾಗವನ್ನು ಪ್ರತಿದಿನವೂ ಲೆಕ್ಕಕ್ಕೆ ಸೇರಿಸಿ ಕೊಡತಕ್ಕದ್ದು. ಊಟದ ಹೊತ್ತಿನಿಂದ ಇದನ್ನು ಕಳೆಯಬಾರದು. 8 ಗಂಟೆಯ ದುಡಿಮೆಯಲ್ಲಿ ಇದು 32ರಲ್ಲಿ ಒಂದು ಪಾಲು. ಹತ್ತು ಮಂದಿಯಿದ್ದರೆ ದಿನಕ್ಕೆ ಎರಡೂವರೆ ಗಂಟೆ, ಆರು ದಿನದ ವಾರಕ್ಕೆ 15 ಗಂಟೆ, ಎಂದರೆ ಒಬ್ಬರ ಸುಮಾರು ಎರಡು ದಿನದ ಕೆಲಸ. ಬೆನ್ನುನೋವಿನಿಂದ ತಪ್ಪುವ ಆಳುಗಳ ಸಂಖ್ಯೆ ಕಡಮೆಯಾಗಿ ಈ ಖರ್ಚು ಪೂರ್ತಿ ಹಿಂದಿರುಗುವುದೆಂಬ ಭರವಸೆಯನ್ನು ಯಾರೂ ಕೊಡಲಾರರು. ಆದರೂ, ಆಳುಗಳು ಸಿಕ್ಕುವುದೇ ದುರ್ಲಭವಾಗಿರುವಾಗ, ಮುಂದಿನ ವರ್ಷವೂ ಅವರು ಇದೇ ಅಂಗಳಕ್ಕೆ ಬರುವರೋ ಪಕ್ಕದ ಮನೆಗೆ ಹೋಗುವರೋ ಎಂಬುದನ್ನೂ ಲೆಕ್ಕದಲ್ಲಿ ಹಿಡಿಯಬೇಕು.

ಅಭ್ಯಾಸಕ್ಕೆ ಬಲಾತ್ಕಾರ ಕೂಡದು. ಬೇಡವೆಂದವರು ಅಷ್ಟು ಹೊತ್ತು ಸುಮ್ಮನೆ ನಡೆದಾಡಿದರೂ ಫಲವುಂಟು. ಅವರಿಗೂ ಕೂಲಿಯ ಪಾಲು ಸಲ್ಲಬೇಕು. ಮಂತ್ರೋಚ್ಚಾರಣೆಯು ಬೆನ್ನಿಗೆ ಅವಶ್ಯವಲ್ಲವಾದುದರಿಂದ ಬೇರೆ ಮತದವರಿಗೆ ಸಂಕೋಚವಾಗದಂತೆ ಅದನ್ನು ಬಿಡಬಹುದು. ಕಲಿಸುವವರು ಯಜಮಾನರಾಗಿರುವುದಕ್ಕಿಂತ ಸುಲಿಯುವವರಲ್ಲಿಯೇ ಒಬ್ಬಾಕೆ ಆಗಿದ್ದರೆ ನಗೆಯೂ ಕಡಮೆ, ನಾಚಿಕೆಯೂ ಕಡಮೆ. ಗ್ರಾಮದ ಮುಖಂಡರು ಅಂಥವರಲ್ಲಿ ಇಬ್ಬರು ಮೂವರನ್ನು ಆರಿಸಿ, ಸುಗ್ಗಿಗೆ ಮುಂಚೆ ತಿಳಿದವರಿಂದ ಪಾಠ ಮಾಡಿಸಿದರೆ ಊರಿಗೆಲ್ಲ ಸಾಕಾಗುತ್ತದೆ.

ಗರ್ಭಿಣಿಯರು, ರಕ್ತದ ಒತ್ತಡವುಳ್ಳವರು, ಈಚೆಗೆ ಶಸ್ತ್ರಚಿಕಿತ್ಸೆಯಾದವರು ವೈದ್ಯರನ್ನು ಕೇಳದೆ ಆರಂಭಿಸಬಾರದು. ನೋವು ಸೊಂಟದಿಂದ ಕಾಲಿಗಿಳಿದು ಪಾದವು ಜೋಮು ಹಿಡಿದರೆ ಅಥವಾ ಬಲಗುಂದಿದರೆ ಅಭ್ಯಾಸವನ್ನು ನಿಲ್ಲಿಸಿ ಆಸ್ಪತ್ರೆಗೆ ಕಳುಹಿಸತಕ್ಕದ್ದು. ಮಲಮೂತ್ರಗಳ ಹಿಡಿತ ತಪ್ಪಿದರಂತೂ ಆ ದಿನವೇ, ಯಜಮಾನರ ವಾಹನದಲ್ಲಿಯೇ, ಕರೆದೊಯ್ಯಬೇಕು.