ಹರಕೆ ಮತ್ತು ಮನಸ್ಸಿನ ಆರೋಗ್ಯ

ಪಂಢರಪುರದ ವಾರಿಯ ಪಲ್ಲಕ್ಕಿಗಳು ಪುಣೆಯಲ್ಲಿ ತಂಗುವಾಗ ಭಕ್ತರು ವಿಠಲನಿಗೆ ಹೊರುವ ಹರಕೆಗಳಲ್ಲಿ, ಮನೆಯವರಿಗೂ ತಿಳಿಯದ ಹರಕೆಯೊಂದು ಇದ್ದೀತು. ಪುರುಷರಲ್ಲಿ, ಅಥವಾ ಸ್ತ್ರೀಪುರುಷರಿಬ್ಬರಲ್ಲಿಯೂ, ಅನುರಾಗ ತಳೆಯುವ ತರುಣನು ಅದನ್ನು ಪಾಪವೆಂದು ಬಗೆದು, ಉಪವಾಸ ವ್ರತಗಳಿಂದ ಗುಣಹೊಂದಲು ಹೆಣಗುತ್ತಾನೆ, ನಿದ್ರೆಗೆಡುತ್ತಾನೆ. ಗುಣವಾಗಲು ಅಲ್ಲಿ ರೋಗವೇ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿಯೇ ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ಕೈಬಿಟ್ಟಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ಭಾರತದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪಿತ್ತಿತು. ಮದುವೆ ಮಾಡಿದರೆ ಸರಿಹೋದೀತೆಂಬ ಹಿರಿಯರ ಎಣಿಕೆಯಿಂದ ಇನ್ನೊಂದು ಹೆಣ್ಣುಜೀವವೂ ನೋಯುತ್ತದೆ.

ಹಾಗೆಂದು ಭಕ್ತಿಯನ್ನು ತೊರೆಯಬೇಕೆ? ಗುಣವಾಗಲೆಂಬ ಹರಕೆಯೊಂದನ್ನು ಕೈಬಿಟ್ಟು, ಮನೆಯಲ್ಲಿ ಕಲಿತ ದಾಸರಪದಗಳನ್ನೂ ಏಕಾದಶಿಯನ್ನೂ ಉಳಿಸಿಕೊಳ್ಳಲು ಅಡ್ಡಿಯೇನೂ ಇಲ್ಲ. ಈ ಮಾತನ್ನು ತಾಯಿಯೇ ಆಡಿದರೆ ಮಗನಿಗೆ ಹೆಚ್ಚು ನಾಟೀತು. ಮನೆಯಲ್ಲಿ ಹೇಳಿಕೊಳ್ಳಲಾರದವರ ನೆರವಿಗೆಂದು ಬಿಂದುಮಾಧವ ಖಿರೆಯವರು 2002ರಲ್ಲಿ ಪುಣೆಯಲ್ಲಿಯೇ ಸಮಪಥಿಕ ಟ್ರಸ್ಟನ್ನು ಆರಂಭಿಸಿದರು.